ಕೆಂಪು ಬೀಳದ ಅಂಚೆಚೀಟಿ

ನವೆಂಬರ್ 13, ಬುಧವಾರ. ಬೆಳಗ್ಗೆ ಹತ್ತೂವರೆಗೆ ದಕ್ಷಿಣ ದೆಹಲಿಯ ಆ ಠಾಣೆಯ ಮೆಟ್ಟಿಲು ಹತ್ತಿ ಬಂದ ವೃದ್ಧರು ಮೂಗಿನ ಮೇಲಿನ ಮಾಸ್ಕ್ ತೆಗೆಯದೆಯೇ ದೂರು ಕೊಡಲು ನಿಂತರು. ಬೀದಿಯ ಹೊಗೆ ಠಾಣೆಯೊಳಗೂ ತುಂಬಿತ್ತು. ಟ್ಯೂಬ್‌ಲೈಟು ಹಗಲಲ್ಲೇ ಉರಿಯುತ್ತಿತ್ತು. ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೆಬಲ್ ತೇಜ್‌ಪಾಲ್ ಮಾವಿ ತಲೆಯೆತ್ತದೆ ಹೆಸರು ಕೇಳಿದ. ಡಾ. ಅಸೀಮ್ ಲಾಹಿರಿ, ವಯಸ್ಸು ಎಪ್ಪತ್ತಾರು, ನಿವೃತ್ತ ಪ್ರಾಧ್ಯಾಪಕರು, ವಾಸ ಚಿತ್ತರಂಜನ್ ಪಾರ್ಕ್.

“ಏನು ಕಳುವಾಗಿದೆ?”

“ಒಂದು ಸ್ಟಾಂಪು.”

“ಕೋರ್ಟಿನದಾ?”

“ಅಂಚೆದು. ಐದು ರೂಪಾಯಿದು.”

ತೇಜ್‌ಪಾಲ್ ಪೆನ್ನು ಕೆಳಗಿಟ್ಟ. “ಡಾಕ್ಟರ್ ಸಾಬ್, ಎಫ್‌ಐಆರ್ ಬರೆಯೋ ಕಾಗದಕ್ಕೇ ಅದಕ್ಕಿಂತ ಜಾಸ್ತಿ ಖರ್ಚಾಗುತ್ತೆ. ಕೂತ್ಕೊಳ್ಳಿ, ಚಹಾ ಕುಡೀರಿ, ಹೋಗ್ತಾ ದಾರೀಲಿ ಒಂದು ಹೊಸದು ತಗೊಳ್ಳಿ.”

ಲಾಹಿರಿ ನಗಲಿಲ್ಲ. ಅಂಥದ್ದು ದಾರಿಯಲ್ಲಿ ಸಿಗುವುದಿಲ್ಲ, ಇಡೀ ದೇಶದಲ್ಲಿ ಇರುವುದು ಒಂದೇ ಎಂದರು. ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಓಂವತಿ ಸಾಂಗ್ವಾನ್ ಹೊರಬಂದು ಅವರನ್ನು ತನ್ನ ಮೇಜಿಗೆ ಕರೆದಳು. ರೋಹ್ತಕ್ ಕಡೆಯ ಹಳ್ಳಿಯವಳು, ಇಪ್ಪತ್ತು ವರ್ಷದ ಸೇವೆ, ಕೇಳಿಸಿಕೊಳ್ಳುವಾಗ ಎದುರಿನವರ ಕೈಗಳನ್ನು ನೋಡುವ ಅಭ್ಯಾಸ.

ಲಾಹಿರಿ ಹೇಳಿದ್ದರ ಸಾರಾಂಶ ಹೀಗಿತ್ತು. ದೇಶದಲ್ಲಿ ಯಾವ ಕಾಲೇಜು ವೈದ್ಯಕೀಯ ಕಲಿಸಬಹುದು, ಯಾರ ಪದವಿ ನಡೆಯುತ್ತದೆ ಎಂದು ತೀರ್ಮಾನಿಸುವ ಅಖಿಲ ಭಾರತ ವೈದ್ಯಬೋಧನಾ ಮಂಡಳಿಗೆ ಎಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಅಕ್ಟೋಬರಿನಲ್ಲಿ ಅಂಚೆಚೀಟಿ ಬಿಡುಗಡೆಯಾಗಿತ್ತು. ಚಿತ್ರದಲ್ಲಿ ಆಸ್ಪತ್ರೆಯ ಮಂಚ, ಅದರ ಮೇಲೆ ರೋಗಿ, ಸುತ್ತ ಬಿಳಿ ಏಪ್ರನ್ ತೊಟ್ಟ ವಿದ್ಯಾರ್ಥಿಗಳು. ಮೇಲೆ ಕೆಂಪಿನಲ್ಲಿ ಮಂಡಳಿಯ ಲಾಂಛನ. ಬಿಡುಗಡೆಯ ದಿನ ಲಾಹಿರಿ ಅಂಚೆ ಕಚೇರಿಯಲ್ಲಿ ಕೊಂಡ ಹಾಳೆಯ ಮೂಲೆ ಮುದ್ರಣದ ಹೊತ್ತಿಗೆ ಮಡಿಚಿಕೊಂಡಿದ್ದರಿಂದ ಒಂದು ಚೀಟಿಗೆ ಕೆಂಪು ಬಿದ್ದಿರಲಿಲ್ಲ. ಮಂಚ, ರೋಗಿ, ಹುಡುಗರು ಎಲ್ಲ ಇದ್ದರು. ಲಾಂಛನದ ಜಾಗ ಖಾಲಿ. ಸಂಗ್ರಾಹಕರ ಲೋಕದಲ್ಲಿ ಇಂಥ ತಪ್ಪಿಗೇ ಬೆಲೆ.

“ಮುದ್ರಣ ಕೆಟ್ಟಿದ್ದಕ್ಕೆ ಬೆಲೆ ಹೆಚ್ಚಾ?” ಬಾಗಿಲಲ್ಲಿ ನಿಂತಿದ್ದ ತೇಜ್‌ಪಾಲ್ ಕೇಳಿದ. “ಹಂಗಾದ್ರೆ ನಮ್ಮಪ್ಪ ನನ್ನ ಮಾರಿದ್ರೆ ಬಂಗಲೆ ಕಟ್ಟಬಹುದಿತ್ತು.”

ಓಂವತಿ ಅವನ ಕಡೆ ನೋಡಿದಳು. ಅವನು ಚಹಾ ತರಲು ಹೋದ.

ಲಾಹಿರಿ ಹಿಂದೆ ಆ ಮಂಡಳಿಯ ತಪಾಸಕರಾಗಿದ್ದವರು. ಕಾಲೇಜುಗಳಿಗೆ ಹೋಗಿ ಹಾಸಿಗೆ, ರೋಗಿ, ಅಧ್ಯಾಪಕರನ್ನು ಕಣ್ಣಾರೆ ನೋಡಿ ವರದಿ ಬರೆಯುವ ಕೆಲಸ. ಆ ವರದಿಯ ಮೇಲೆ ಕಾಲೇಜು ಉಳಿಯುತ್ತಿತ್ತು ಅಥವಾ ಮುಚ್ಚುತ್ತಿತ್ತು. ತಿಂಗಳ ಕೊನೆಯಲ್ಲಿ ರಾಷ್ಟ್ರಮಟ್ಟದ ಅಂಚೆಚೀಟಿ ಪ್ರದರ್ಶನವಿತ್ತು. ವೈದ್ಯಬೋಧನೆಯ ಕತೆ ಹೇಳುವ ಅವರ ಹಾಳೆಗಳ ಸರಣಿಯಲ್ಲಿ ಕೊನೆಯ ಹಾಳೆಯ ನಡುವೆ ಕೂರಬೇಕಾಗಿದ್ದದ್ದು ಈ ಚೀಟಿ. ಭಾನುವಾರ ಇತ್ತು, ಇಂದು ಬೆಳಗ್ಗೆ ಇಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯಲ್ಲಿ ಕಳ್ಳತನವೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಓಂವತಿ ಮತ್ತು ತೇಜ್‌ಪಾಲ್ ಪಂಚರನ್ನು ಕರೆದುಕೊಂಡು ಆ ಮನೆಗೆ ಹೋದರು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಸರಿಯಾಗಿತ್ತು. ಓದುಕೋಣೆಯ ಗೋಡೆಯಲ್ಲಿ ಲಾಹಿರಿಯವರ ದಿವಂಗತ ಪತ್ನಿ ಸುಮಿತ್ರಾ ಅವರ ಫೋಟೋ. ಹಿಮದ ಬೆಟ್ಟದ ಮುಂದೆ ಶಾಲು ಹೊದ್ದು ನಿಂತು ನಗುತ್ತಿದ್ದರು. ಕಪಾಟಿನಲ್ಲಿ ಪ್ರದರ್ಶನದ ಹಾಳೆಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಾಲಾಗಿದ್ದವು. ಕೊನೆಯ ಹಾಳೆಯಲ್ಲಿ ಚೀಟಿ ಕೂರುವ ಕಪ್ಪು ಚೌಕ ಖಾಲಿಯಿತ್ತು.

ಸಾಮಾನ್ಯವಾಗಿ ಅಷ್ಟಕ್ಕೇ ಪಂಚನಾಮೆ ಮುಗಿಯುತ್ತಿತ್ತು. ಓಂವತಿ ಮಾತ್ರ ಎಲ್ಲ ಹಾಳೆಗಳನ್ನೂ ಒಂದೊಂದಾಗಿ ತಿರುವಿದಳು. ನಡುವೆ ಒಂದು ಗುಂಪಿಗೆ ‘ತಪಾಸಕನ ದಾರಿ’ ಎಂಬ ತಲೆಬರಹವಿತ್ತು. ತಪಾಸಣೆಗೆ ಹೋದ ಊರೂರಿನಲ್ಲಿ ಲಾಹಿರಿ ತಾವೇ ಅಂಚೆ ಕಚೇರಿಗೆ ನಡೆದು, ತಮ್ಮ ವಿಳಾಸಕ್ಕೆ ಒಂದು ಖಾಲಿ ಲಕೋಟೆ ಕಳಿಸಿ, ಆ ದಿನದ ಮೊಹರನ್ನು ಸಂಗ್ರಹಿಸಿದ್ದರು. ‘ಪ್ರತಿಯೊಂದೂ ನಾನೇ ಕೌಂಟರಿನಲ್ಲಿ ನಿಂತು ಹಾಕಿಸಿಕೊಂಡದ್ದು’ ಎಂದು ಕೆಳಗೆ ಅಚ್ಚಾಗಿತ್ತು. ಅಲ್ಲಿ ಒಂದು ಹಾಳೆಯ ಮೇಲೆ ಲಕೋಟೆಯ ನಾಲ್ಕು ತುದಿ ಹಿಡಿಯುವ ಪಾರದರ್ಶಕ ಮೂಲೆಗಳು ಮಾತ್ರ ಇದ್ದವು, ಲಕೋಟೆ ಇರಲಿಲ್ಲ. ಅಡಿಬರಹ ಉಳಿದಿತ್ತು: ಮಸ್ಸೂರಿ, 22 ನವೆಂಬರ್ 1999.

“ಇದೂ ಹೋಗಿದೆಯಲ್ಲ?”

ಲಾಹಿರಿ ಹಾಳೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಗುಚಿಟ್ಟರು. “ಅದನ್ನ ನಾನೇ ತೆಗೆದೆ. ಮೊಹರು ಅಷ್ಟು ಚೆನ್ನಾಗಿರಲಿಲ್ಲ.”

“ಯಾವಾಗ?”

“ನೆನಪಿಲ್ಲ. ಅದನ್ನ ಬರೀಬೇಡಿ ಮೇಡಂ. ಬೆಲೆಯಿಲ್ಲದ ವಸ್ತು.”

ಓಂವತಿ ಬರೆದಳು: ಒಂದು ಹಾಳೆಯಲ್ಲಿ ಮಸ್ಸೂರಿಯ ಲಕೋಟೆಯ ಜಾಗ ಖಾಲಿ; ತಾವೇ ತೆಗೆದಿದ್ದಾಗಿ ದೂರುದಾರರ ಹೇಳಿಕೆ. ಪಂಚರು ಸಹಿ ಮಾಡಿದರು. ಸಹಿ ಮಾಡುವಾಗ ಲಾಹಿರಿಯವರ ಪೆನ್ನು ಆ ಸಾಲಿನ ಮೇಲೆ ಒಂದು ಕ್ಷಣ ನಿಂತಿತು.

ಮನೆಗೆ ಬರುವವರು ಇಬ್ಬರೇ. ಕೆಲಸದಾಕೆ ಛಠ್ ಹಬ್ಬಕ್ಕೆ ಊರಿಗೆ ಹೋಗಿ ಇನ್ನೂ ಮರಳಿರಲಿಲ್ಲ. ಇನ್ನೊಬ್ಬ ದಿವಾಕರ್ ನೌಟಿಯಾಲ್, ಸಂಗ್ರಾಹಕರ ಸಂಘದ ಸದಸ್ಯ, ಹಳೇ ದೆಹಲಿಯ ಸಗಟು ಔಷಧಿ ಅಂಗಡಿಯೊಂದರ ನೌಕರ. ಹನ್ನೆರಡು ವರ್ಷಗಳಿಂದ ಪ್ರತಿ ಭಾನುವಾರ ಬಂದು ಹಾಳೆ ಕತ್ತರಿಸಿ, ಅಡಿಬರಹ ಟೈಪು ಮಾಡಿ, ಊಟ ಮಾಡಿಕೊಂಡು ಹೋಗುತ್ತಿದ್ದ.

“ಅವನನ್ನ ಕೇಳೋದೇ ಬೇಡ,” ಎಂದರು ಲಾಹಿರಿ. “ಸುಮಿತ್ರಾ ಹೋದಾಗ ಚಟ್ಟಕ್ಕೆ ನನ್ನ ಜೊತೆ ಹೆಗಲು ಕೊಟ್ಟವನು. ನನ್ನ ತಮ್ಮ ಇದ್ದ ಹಾಗೆ.”

ಗುರುವಾರ ತೇಜ್‌ಪಾಲ್ ಸ್ಟಾಂಪಿನ ವ್ಯಾಪಾರಿಗಳನ್ನು ಸುತ್ತಿದ. ಯಾರ ಬಳಿಗೂ ಅದು ಬಂದಿರಲಿಲ್ಲ. ಅಂಥ ಒಂದು ಚೀಟಿ ಸಿಕ್ಕಿದೆಯೆಂದು ಸಂಘದ ಎಲ್ಲರಿಗೂ ಗೊತ್ತಿದ್ದರಿಂದ ಕದ್ದವನು ಅದನ್ನು ತೋರಿಸುವಂತೆಯೂ ಇರಲಿಲ್ಲ. “ಸ್ವಂತ ಮದುವೇಲಿ ಕದ್ದ ಕುದುರೆ ಮೇಲೆ ಬಂದ ಹಾಗಾಗುತ್ತೆ,” ಎಂದು ಒಬ್ಬ ವ್ಯಾಪಾರಿ ಹೇಳಿದ್ದನ್ನು ತೇಜ್‌ಪಾಲ್ ಖುಷಿಯಿಂದ ವರದಿ ಮಾಡಿದ.

“ಮಾರೋಕಲ್ಲ ಅಂದ್ರೆ ಯಾಕೆ ತಗೊಂಡ?” ಎಂದಳು ಓಂವತಿ.



ಸಂಜೆ ನಾಲ್ಕಕ್ಕೆ ಇಬ್ಬರೂ ಚಾಂದನಿ ಚೌಕದ ಹಿಂದಿನ ಔಷಧಿ ಮಾರುಕಟ್ಟೆಗೆ ಹೋದರು. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಹಮಾಲರು ಪೊಲೀಸರೆಂದೂ ನೋಡದೆ ಬದಿಗೆ ತಳ್ಳಿಕೊಂಡು ಹೋದರು. ಅಂಗಡಿಯ ಮುಂದೆ ನಿಂತವನು ಒಳಗೆ ಕೂಗಿದ, “ಡಾಕ್ಟರ್, ಹೊರಗೆ ಬಾ, ಖಾಕಿ ರೋಗಿಗಳು ಬಂದಿದ್ದಾರೆ.”

ಒಳಗಿಂದ ಬಂದವನಿಗೆ ನಲವತ್ತೇಳು ವರ್ಷ. ತೆಳ್ಳಗಿನ ಮನುಷ್ಯ, ಕಂದು ಸ್ವೆಟರು. ಕೈಯಲ್ಲಿ ಕತ್ತರಿ, ಮಾತ್ರೆಗಳ ಪಟ್ಟಿ. ಪಟ್ಟಿಯನ್ನು ಗೆರೆ ಎಳೆದಂತೆ ನೇರವಾಗಿ ಕತ್ತರಿಸುತ್ತಿದ್ದ.

“ಯಾಕೆ ಡಾಕ್ಟರ್ ಅಂತಾರೆ?”

“ಅಂಗಡಿ ತಮಾಷೆ ಮೇಡಂ. ಡಾಕ್ಟರ ಬರಹ ಓದೋಕೆ ಬರುತ್ತಲ್ಲ, ಅದಕ್ಕೆ.”

“ಭಾನುವಾರ ಲಾಹಿರಿಯವರ ಮನೇಲಿದ್ರಾ?”

“ಇದ್ದೆ.”

“ಹಾಳೆಗಳನ್ನ ಮುಟ್ಟಿದ್ರಾ?”

“ಅವು ನಾನೇ ಮಾಡಿದ ಹಾಳೆಗಳು. ಮುಟ್ಟದೆ ಹೇಗೆ?”

“ಸ್ಟಾಂಪು ಯಾರಿಗೆ ಮಾರಿದ್ರಿ?”

“ಅದನ್ನ ಮಾರೋಷ್ಟು ಕೆಳಗೆ ಇಳಿದಿಲ್ಲ.”

“ಮಸ್ಸೂರಿಯ ಲಕೋಟೆ ಎಲ್ಲಿ?”

ಕತ್ತರಿ ನಿಂತಿತು. “ಅದೂ ಕಳುವಾಗಿದೆ ಅಂತ ಲಾಹಿರಿ ದಾದಾ ಹೇಳಿದ್ರಾ?”

“ಇಲ್ಲ.”

“ಹಾಗಾದ್ರೆ ಕಳುವಾಗಿಲ್ಲ,” ಎಂದ ದಿವಾಕರ್. ಪಟ್ಟಿಯ ಉಳಿದ ಅರ್ಧವನ್ನೂ ಅಷ್ಟೇ ನೇರವಾಗಿ ಕತ್ತರಿಸಿ ಡಬ್ಬಿಗೆ ಹಾಕಿದ.

ಜೀಪಿಗೆ ಹೋಗುವ ದಾರಿಯಲ್ಲಿ ತೇಜ್‌ಪಾಲ್, ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ ಎಂದ. ಕದ್ದಿಲ್ಲ ಎಂದು ಅವನು ಒಂದು ಸಲವಾದರೂ ಹೇಳಿದನೇ ಎಂದು ಓಂವತಿ ಕೇಳಿದಳು. ಜೀಪಿನವರೆಗೂ ಯೋಚಿಸಿದ ತೇಜ್‌ಪಾಲ್ ಇಲ್ಲವೆಂದು ತಲೆಯಾಡಿಸಿದ. ಆದರೆ ಹೇಳದ ಮಾತಿನ ಮೇಲೆ ದಸ್ತಗಿರಿ ಮಾಡಲಾಗುವುದಿಲ್ಲ. ಅವನ ಕೋಣೆಯ ಶೋಧದಲ್ಲಿಯೂ ಏನೂ ಸಿಗಲಿಲ್ಲ.

ಶುಕ್ರವಾರ ಗುರುನಾನಕ್ ಜಯಂತಿ, ಕಚೇರಿಗಳಿಗೆ ರಜೆ. ಶನಿವಾರ ಓಂವತಿ ತೇಜ್‌ಪಾಲ್ ಜೊತೆ ಅಂಚೆ ಕಚೇರಿಗೆ ಹೋದದ್ದು ಕಳ್ಳನನ್ನು ಹುಡುಕಲಿಕ್ಕಲ್ಲ. ಅಂಥ ಚೀಟಿ ನಿಜವಾಗಿ ಇತ್ತೇ, ಅದು ಲಾಹಿರಿಯವರದೇ ಆಗಿತ್ತೇ ಎಂದು ನಾಳೆ ನ್ಯಾಯಾಲಯ ಕೇಳುತ್ತದೆ. ಆ ಹೇಳಿಕೆ ಪಡೆಯಬೇಕಿತ್ತು. ಸಂಗ್ರಾಹಕರ ಕೌಂಟರಿನಲ್ಲಿದ್ದವರು ಪುಷ್ಪಲತಾ ಎಕ್ಕಾ, ರಾಂಚಿ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದವರು. ಕೆಂಪಿಲ್ಲದ ಚೀಟಿ ಅವರಿಗೆ ಚೆನ್ನಾಗಿ ನೆನಪಿತ್ತು. ಡಾಕ್ಟರು ಇದೇ ಕಿಟಕಿಯಲ್ಲಿ ಕೊಂಡು ಮಗುವಿನಂತೆ ಕುಣಿದಿದ್ದರಂತೆ.

“ಅದು ಕಳುವಾಗಿದೆ,” ಎಂದ ತೇಜ್‌ಪಾಲ್.

“ಕಳುವಾ? ಸೋಮವಾರ ನಾನೇ ಅದರ ಮೇಲೆ ಮೊಹರು ಹಾಕಿದೀನಲ್ಲ.”

ಓಂವತಿ ಕುರ್ಚಿ ಎಳೆದುಕೊಂಡು ಕೂತಳು.

ಸೋಮವಾರ ಬೆಳಗ್ಗೆ ಕಿಟಕಿ ತೆರೆಯುತ್ತಿದ್ದಂತೆ ಕಂದು ಸ್ವೆಟರಿನವನೊಬ್ಬ ಬಂದಿದ್ದ. ಡಾಕ್ಟರ ಜೊತೆ ಎಷ್ಟೋ ಸಲ ಬಂದವನೇ. ಲಕೋಟೆಗೆ ಚೀಟಿ ಅಂಟಿಸಿಯಾಗಿತ್ತು. ಹೊರಗಿನ ಡಬ್ಬಿಗೆ ಹಾಕುವುದು ಬಿಟ್ಟು, ಇದಕ್ಕೆ ನೀವೇ ಕೈಯಾರೆ ಮೊಹರು ಹಾಕಿಕೊಡಿ ಎಂದಿದ್ದ.

“ಹಿಂದೆ ಸಾಲು ನಿಂತಿತ್ತು. ಇವನಿಗೆ ನನ್ನ ಕೈಯಿಂದಲೇ ಪೂಜೆ ಆಗ್ಬೇಕು,” ಎಂದರು ಪುಷ್ಪಲತಾ. “ಮೂಲೆಗೆ ಹಗೂರಕ್ಕೆ ಒತ್ತಿ, ಚಿತ್ರದ ಹುಡುಗ್ರ ಮೇಲೆ ಬೀಳ್ಬಾರ್ದು ಅಂದ. ಆಗ ನೋಡಿದೆ, ಕೆಂಪೇ ಇಲ್ಲ. ‘ಭೈಯಾ, ಇದನ್ನ ಯಾಕೆ ಅಂಟಿಸಿದ್ರಿ? ಬಿಡಿಸಿ ಕೊಡ್ಲಾ?’ ಅಂದೆ. ‘ಬೇಡ ದೀದಿ, ಇದರ ಕೆಲಸ ಇದೇ’ ಅಂದ.”

“ವಿಳಾಸ?”

“ವೈದ್ಯಬೋಧನಾ ಮಂಡಳಿ ಅಧ್ಯಕ್ಷರಿಗೆ. ಅವರ ಸ್ಟಾಂಪು ಅವರಿಗೇ ಹೋಯ್ತು.”

ಅವರ ಹೇಳಿಕೆ ದಾಖಲಾಯಿತು. ಹೊರಗೆ ಬಂದಾಗ ಕಚೇರಿಯ ಗೇಟಿನ ಬಳಿ ಕೆಂಪು ಅಂಚೆಡಬ್ಬಿ ಕಂಡಿತು. ಅಲ್ಲಿ ಹಾಕಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂದ ತೇಜ್‌ಪಾಲ್. ಇಷ್ಟು ವರ್ಷದಲ್ಲಿ ಇಂಥ ದಡ್ಡ ಕಳ್ಳನನ್ನು ನೋಡಿರಲಿಲ್ಲವಂತೆ.

ನವೆಂಬರ್ 18, ಸೋಮವಾರ. ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಮಂಡಳಿಯ ಕಟ್ಟಡ ಗೇಟಿನೊಳಗೆ ಹೋಗುವವರೆಗೂ ಕಾಣಲಿಲ್ಲ. ರಜೆಯ ಮುನ್ನಾದಿನ ಬಂದಿದ್ದ ಪತ್ರ ಆವಕ ವಿಭಾಗದ ತಟ್ಟೆಯಲ್ಲಿ, ತೆರೆದು, ಲಕೋಟೆಗೆ ಕ್ಲಿಪ್ಪು ಹಾಕಿ ಬಿದ್ದಿತ್ತು. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಅನಾಮಧೇಯ, ಫೈಲಿಗೆ.

ಚೀಟಿಯ ಮೂಲೆಯಲ್ಲಿ ಮೊಹರಿನ ಕಾಲುಭಾಗ ಮಾತ್ರ ತಾಗಿತ್ತು. ಹುಡುಗರ ಬಿಳಿ ಏಪ್ರನ್‌ಗಳ ಮೇಲೆ ಒಂದು ಚುಕ್ಕೆ ಮಸಿಯಿರಲಿಲ್ಲ.

ಒಳಗೆ ಇನ್ನೊಂದು ಲಕೋಟೆ. ಹಳೆಯದು, ಖಾಲಿ, ಡಾ. ಲಾಹಿರಿಯವರ ಕೈಬರಹದಲ್ಲಿ ಅವರದೇ ವಿಳಾಸ. ಮೊಹರು ಸ್ಪಷ್ಟವಾಗಿತ್ತು: ಮಸ್ಸೂರಿ, 22-11-99. ಜೊತೆಗೆ ಒಂದು ಹಾಳೆ, ಅದರಲ್ಲಿ ಎರಡೇ ಸಾಲು. ‘ಈ ಲಕೋಟೆಯ ಮೊಹರನ್ನೂ ಅದೇ ದಿನಾಂಕದ ಕಾಂಡಾಖಾಲ ಕಾಲೇಜಿನ ತಪಾಸಣಾ ವರದಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗಿ ವಿನಂತಿ. ಇಂತಿ, ಅಂತಿಮ ವರ್ಷದ ವಿದ್ಯಾರ್ಥಿ.’

ಹಳೆಯ ವರದಿ ಈಗೆಲ್ಲಿ ಸಿಗುತ್ತದೆ ಎಂದು ವಿಭಾಗದ ಅಧಿಕಾರಿ ಗೊಣಗಿದರು. ಕಳ್ಳತನದ ತನಿಖೆಗೂ ಅದಕ್ಕೂ ಏನು ಸಂಬಂಧವೆಂದೂ ಕೇಳಿದರು. ಕಳುವಾದ ಚೀಟಿ ಇದರ ಮೇಲಿದೆ, ಆದ್ದರಿಂದ ಒಳಗಿರುವುದೂ ತನಿಖೆಯ ಭಾಗ ಎಂದು ಹೇಳಿ ಓಂವತಿ ಕಾಯುತ್ತಾ ಕೂತಳು. ಊಟದ ಹೊತ್ತು ಕಳೆದ ಮೇಲೆ ಧೂಳಿನ ಸಂಪುಟ ಬಂತು. ಗಢವಾಲದ ಬೆಟ್ಟಗಳಲ್ಲಿದ್ದ ಕಾಂಡಾಖಾಲ ಕಾಲೇಜಿನ ವರದಿ, ಇಬ್ಬರು ತಪಾಸಕರ ಸಹಿ. ‘ನವೆಂಬರ್ 22ರ ಬೆಳಗ್ಗೆ ಏಳರಿಂದ ಸಂಜೆಯವರೆಗೆ ನಾವಿಬ್ಬರೂ ಖುದ್ದಾಗಿ ಪರಿಶೀಲಿಸಿದೆವು. ಹಾಸಿಗೆಗಳಲ್ಲಿ ರೋಗಿಗಳಿರಲಿಲ್ಲ.’ ಶಿಫಾರಸು: ಮಾನ್ಯತೆ ರದ್ದು.

ಅಲ್ಲಿಂದ ಮಸ್ಸೂರಿಗೆ ಎಷ್ಟು ದೂರವೆಂದು ಓಂವತಿ ಕೇಳಿದಳು. ಬೆಟ್ಟದ ದಾರಿ, ಬಸ್ಸಿನಲ್ಲಿ ಒಂದು ಹಗಲು ಬೇಕು ಎಂದರು ಅಧಿಕಾರಿ. ಹೇಳಿದ ಮೇಲೆ ಸಂಪುಟವನ್ನು ಮುಚ್ಚಲು ಕೈ ಚಾಚಿದರು. ಓಂವತಿ ಪುಟದ ದೃಢೀಕೃತ ಪ್ರತಿ ಕೇಳಿ ಪಡೆದಳು. ಜಪ್ತಿ ಪಂಚನಾಮೆಯಲ್ಲಿ ಚೀಟಿ ಅಂಟಿದ ಲಕೋಟೆ, ಹಳೆಯ ಲಕೋಟೆ, ಹಾಳೆ, ಮೂರಕ್ಕೂ ಸಂಖ್ಯೆ ಬಿತ್ತು.

ಅಲ್ಲಿಂದ ಅವರು ನೇರವಾಗಿ ಚಿತ್ತರಂಜನ್ ಪಾರ್ಕಿಗೆ ಹೋದರು.

ಚೀಟಿ ಸಿಕ್ಕಿತೆಂದಾಗ ಲಾಹಿರಿಯವರ ಮುಖ ಅರಳಿತು. ಎಲ್ಲಿ ಸಿಕ್ಕಿತೆಂದಾಗ ಕೂತರು. ಓಂವತಿ ಪಾರದರ್ಶಕ ಚೀಲದಲ್ಲಿದ್ದ ಮಸ್ಸೂರಿಯ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

“ಇದನ್ನ ನೀವೇ ತೆಗೆದಿದ್ದು ಅಂದ್ರಿ.”

ಅವರು ಗೋಡೆಯ ಫೋಟೋ ನೋಡಿದರು. “ಸುಮಿತ್ರಾಗೆ ಹಿಮ ನೋಡ್ಬೇಕು ಅಂತಿತ್ತು,” ಎಂದರು. ಆಮೇಲೆ ಹೇಳಿದ್ದು ತುಣುಕು ತುಣುಕಾಗಿ ಬಂತು. ಮುಂದೆ ರಸ್ತೆ ಕುಸಿದಿದೆ ಎಂದು ಡ್ರೈವರು ಹೇಳಿದ್ದ. ಇನ್ನೊಬ್ಬ ತಪಾಸಕರು ಬೇರೆ ದಾರಿಯಲ್ಲಿ ಹೋಗಿರುತ್ತಾರೆ ಎಂದು ಲಾಹಿರಿ ಅಂದುಕೊಂಡರು. ಆ ಇನ್ನೊಬ್ಬರೂ ಹಾಗೆಯೇ ಅಂದುಕೊಂಡು ಹೋಗಿರಲಿಲ್ಲ. ಹಿಂದಿನ ವರ್ಷದ ವರದಿಯಲ್ಲಿ ಆ ಕಾಲೇಜಿನ ಬಗ್ಗೆ ಒಳ್ಳೆಯ ಮಾತಿರಲಿಲ್ಲ. ಅದನ್ನೇ ಮುಂದಿಟ್ಟುಕೊಂಡು ಬರೆದರು. ಈ ಸಲ ಹಳೆಯ ಪೆಟ್ಟಿಗೆ ತೆರೆದಾಗ ಆ ತಾರೀಖು ಯಾವುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಮೊಹರು ಸುಂದರವಾಗಿ ಬಿದ್ದಿತ್ತು, ಪ್ರದರ್ಶನಕ್ಕೆ ತೆಗೆದಿಟ್ಟರು. ಬುಧವಾರ ಖಾಲಿ ಮೂಲೆಗಳನ್ನು ನೋಡಿದಾಗಲೇ ನೆನಪಾದದ್ದು.

“ದೂರು ವಾಪಸ್ ತಗೊಳ್ತೀನಿ.”

“ಠಾಣೇಲಿ ಆಗಲ್ಲ ಡಾಕ್ಟರ್ ಸಾಬ್. ರಾಜಿ ಏನಿದ್ರೂ ಕೋರ್ಟಿನ ಮುಂದೆ.”

“ಆ ಲಕೋಟೆ ಕೋರ್ಟಿಗೆ ಹೋಗುತ್ತಾ?”

“ಹೋಗುತ್ತೆ. ಪಂಚನಾಮೇಲಿ ನೀವೇ ಸಹಿ ಮಾಡಿದೀರಿ.”

ಅವರು ಕನ್ನಡಕ ತೆಗೆದು ಒರೆಸಿದರು. “ಹನ್ನೆರಡು ವರ್ಷ ನನ್ನ ಮನೇಲಿ ಊಟ ಮಾಡಿದ. ನನಗೆ ಹೀಗೆ ಮಾಡ್ಬೋದಾ ಅವನು?”

“ಅವರು ಏನು ಓದಿದ್ರು ಅಂತ ಯಾವತ್ತಾದ್ರೂ ಕೇಳಿದ್ರಾ?”

ಲಾಹಿರಿ ಅವಳನ್ನು ನೋಡಿದರು. ಉತ್ತರ ಅವರ ಮುಖದ ಮೇಲೆ ನಿಧಾನವಾಗಿ ಮೂಡಿತು. ಕನ್ನಡಕ ಮತ್ತೆ ಹಾಕಿಕೊಳ್ಳಲಿಲ್ಲ.

ಸಂಜೆ ಐದಕ್ಕೆ ಪೊಲೀಸರು ಅಂಗಡಿಗೆ ಹೋದಾಗ ದಿವಾಕರ್ ಲೆಕ್ಕ ಒಪ್ಪಿಸಿ, ಕೈ ತೊಳೆದುಕೊಂಡು ಕಾದಿದ್ದ. ಮುಂಬಾಗಿಲಿನವನು ಈ ಸಲ ಏನೂ ಕೂಗಲಿಲ್ಲ. ಠಾಣೆಯಲ್ಲಿ ಚಹಾ ಕೊಟ್ಟರು. ಭಾನುವಾರ ಎರಡನ್ನೂ ತೆಗೆದವನು ತಾನೇ ಎಂದ. ಕಾಂಡಾಖಾಲದಲ್ಲಿ ಅಂತಿಮ ವರ್ಷದಲ್ಲಿದ್ದೆ ಎಂದ.

ಮಂಡಳಿಯವರು ಬರುತ್ತಾರೆಂದು ಆ ದಿನ ಬೆಳಗ್ಗೆಯೇ ಹುಡುಗರೆಲ್ಲ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ವಾರ್ಡಿನಲ್ಲಿ ನಿಂತಿದ್ದರು. ಕೆಳಗಿನ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತ್ತು, ಒಂದು ಮಂಚವೂ ಖಾಲಿಯಿರಲಿಲ್ಲ. ಒಬ್ಬೊಬ್ಬರಿಗೆ ಒಂದು ಮಂಚ. ದಿವಾಕರ್‌ನ ಪಾಲಿಗೆ ಬಂದವಳು ಹುಲ್ಲು ಮಾರುವ ಮುದುಕಿ. ತಪಾಸಕರು ಬಂದಾಗ ತಾನೇ ರೋಗದ ವಿವರ ಹೇಳಬೇಕೆಂದು ಅವನು ಬಾಯಿಪಾಠ ಮಾಡಿದ್ದ. ಮುದುಕಿ ಸಂಜೆಯವರೆಗೂ ಕೇಳುತ್ತಲೇ ಇದ್ದಳು, ನಿನ್ನ ದೊಡ್ಡವರು ಬಂದರೇನೋ ಮಗನೇ ಎಂದು. ಕತ್ತಲಾದ ಮೇಲೆ ಪ್ರಾಂಶುಪಾಲರು ಬಂದು, ಅವರು ಮುಂಜಾನೆಯೇ ಬಂದು ಹೊಸ ಬ್ಲಾಕು ನೋಡಿಕೊಂಡು ಹೋದರು ಎಂದರು; ಅದು ಸಮಾಧಾನಕ್ಕೆ ಹೇಳಿದ ಮಾತೆಂದು ಹುಡುಗರಿಗೆ ಆಗ ತಿಳಿಯಲಿಲ್ಲ. ಹೊಸ ಬ್ಲಾಕಿನ ಮಂಚಗಳು ಖಾಲಿಯಿದ್ದದ್ದು ನಿಜ. ಮಾನ್ಯತೆ ಹೋಯಿತು. ಅನುಕೂಲವಿದ್ದವರು ಹೊರದೇಶಕ್ಕೆ ಹೋಗಿ ಓದು ಮುಗಿಸಿದರು. ಉಳಿದವರು ನ್ಯಾಯಾಲಯದ ಮೆಟ್ಟಿಲ ಮೇಲೆ ವಯಸ್ಸು ಕಳೆದರು.

ವರದಿಯ ಕೆಳಗಿನ ಹೆಸರು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಸಂಘಕ್ಕೆ ಸೇರಿದ್ದೇ ಆ ಮನುಷ್ಯನ ಮುಖ ನೋಡಲು. ಲಾಹಿರಿ ಅವನಿಗೆ ಪಕ್ಕದ ಕುರ್ಚಿ ಕೊಟ್ಟರು, ಚಿಮಟದಲ್ಲಿ ಚೀಟಿ ಹಿಡಿಯುವುದನ್ನು ಕಲಿಸಿದರು.

“ಒಂದಿನ ಧೈರ್ಯ ಮಾಡಿ ಕೇಳ್ದೆ, ದಾದಾ, ನೀವು ಕಾಂಡಾಖಾಲಕ್ಕೆ ಹೋಗಿದ್ರಾ ಅಂತ,” ಎಂದ ದಿವಾಕರ್. “ಹೋಗಿದ್ದೆ ಅಂದ್ರು. ಹಾಸಿಗೆ ಮೇಲಿನ ಪ್ಲಾಸ್ಟಿಕ್ಕೂ ತೆಗೆದಿರ್ಲಿಲ್ಲ, ಬರೆಯೋವಾಗ ಕೈ ನಡುಗ್ತು, ಆದ್ರೆ ರೋಗಿ ಜೀವ ದೊಡ್ಡದು ಅಂದ್ರು. ಅವತ್ತು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡ್ದೆ ಮೇಡಂ. ಪ್ರಾಮಾಣಿಕ ಮನುಷ್ಯನ ಕೈಯಿಂದ ಮುರಿದಿದ್ದು ಅಂತ ಒಂದು ಸಮಾಧಾನ ಬಂತು. ಅದ್ರ ಮೇಲೇ ಇಷ್ಟು ವರ್ಷ ಬದುಕಿದೆ.”

ಮಸ್ಸೂರಿಯ ಲಕೋಟೆಗೆ ಅಡಿಬರಹ ಟೈಪು ಮಾಡಿದವನು ಅವನೇ. ತಾರೀಖಿನ ಕೊನೆಯ ಅಂಕೆ ಒತ್ತುವಾಗ ಬೆರಳು ನಿಂತಿತು. ಒಳಗಿನಿಂದ ಲಾಹಿರಿ, ಮೀನು ಆರಿಹೋಗುತ್ತದೆ, ಬೇಗ ಬಾ ಎಂದು ಕರೆದರು. ಅವನು ಹೋಗಿ ಉಂಡ. ಮುಂದಿನ ಭಾನುವಾರ ಎರಡನ್ನೂ ತೆಗೆದುಕೊಂಡ.

“ಅವರನ್ನೇ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಇನ್ನೊಂದು ಕತೆ ಹೇಳ್ತಿದ್ರು. ನಾನು ನಂಬ್ತಿದ್ದೆ.”

“ಲಕೋಟೆ ಸರಿ. ಆ ಸ್ಟಾಂಪು ಯಾಕೆ?”

“ಅದರಲ್ಲಿ ಮಂಡಳಿ ಇಲ್ಲ ಮೇಡಂ. ಮಂಚ ಇದೆ, ರೋಗಿ ಇದ್ದಾರೆ, ಏಪ್ರನ್ ಹಾಕ್ಕೊಂಡು ಕಾಯ್ತಿರೋ ಹುಡುಗ್ರಿದ್ದಾರೆ. ಆ ದಿನ ಹಾಗೇ ಇತ್ತು.”

ತೇಜ್‌ಪಾಲ್ ಕೆಮ್ಮಿದ. ಡಬ್ಬಿಗೆ ಹಾಕಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ ಎಂದು ಕೇಳಿದ, ಬೈಯುವವನ ಹಾಗೆ.

“ಡಬ್ಬಿಗೆ ಹಾಕಿದ್ರೆ ಸ್ಟಾಂಪಿನ ಮೇಲೆ ಪೆನ್ನಲ್ಲಿ ಅಡ್ಡಗೆರೆ ಗೀಚಿಬಿಡ್ತಾರೆ ಹವಾಲ್ದಾರ್‌ಜಿ. ಅದೇನು ತಪ್ಪು ಮಾಡಿತ್ತು?”

ಸಂಜೆ ಆರೂ ನಲವತ್ತಕ್ಕೆ ದಸ್ತಗಿರಿಯಾಯಿತು. ತೇಜ್‌ಪಾಲ್ ಮೆಮೊ ತುಂಬಿಸತೊಡಗಿದ. ಹೆಸರು, ತಂದೆಯ ಹೆಸರು, ವಯಸ್ಸು, ಮೈಮೇಲಿನ ಗುರುತು. ಶಿಕ್ಷಣದ ಕಾಲಮ್ಮಿಗೆ ಬಂದಾಗ ಕೇಳದೆ ತಾನೇ ಬರೆಯಲು ಶುರುಮಾಡಿದ್ದ. ದಿವಾಕರ್ ಬಾಗಿ ನೋಡಿ, ಬೇಡವೆಂದು ಕೈ ಅಡ್ಡ ಹಿಡಿದ.

“ನಾಲ್ಕೂವರೆ ವರ್ಷ ಡಾಕ್ಟರಿ ಓದಿದೀಯಲ್ಲಪ್ಪ. ಏನಂತ ಬರೀಲಿ ಮತ್ತೆ?”

“ಹನ್ನೆರಡನೇ ಕ್ಲಾಸು,” ಎಂದ ದಿವಾಕರ್. “ಹನ್ನೆರಡನೇ ಕ್ಲಾಸು ಪಾಸು ಅಂತ ಬರೀರಿ. ಮಿಕ್ಕಿದ್ದು ನಡೆಯಲ್ಲ.”

ತೇಜ್‌ಪಾಲ್ ಇನ್‌ಸ್ಪೆಕ್ಟರ್ ಕಡೆ ನೋಡಿದ. ಓಂವತಿ ಜಪ್ತಿಯಾದ ಲಕೋಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗು ಕಾಯಿಸುತ್ತಿದ್ದಳು. ಪೊಟ್ಟಣದ ಮೇಲೆ ಅರಗು ಬಿಟ್ಟು ಠಾಣೆಯ ಮೊಹರನ್ನು ಒತ್ತಿದಳು, ಒಳಗಿನ ಚೀಟಿಗೆ ತಾಗದಂತೆ, ಮೂಲೆಗೆ, ಹಗುರವಾಗಿ.

“ಅವರು ಹೇಳಿದ ಹಾಗೇ ಬರಿ,” ಎಂದಳು.